ಸಿಗಡಿ ಶೆಡ್ಡಿನ ಕನ್ಸರ್ಟೊ

ಒಂದು ಕೊರಳಪಟ್ಟಿಯ ಬೆಲೆಯಲ್ಲಿ ಒಬ್ಬ ಹೆಂಗಸಿಗೆ ಎರಡು ವರ್ಷ ಚಹಾ ಮತ್ತು ಬನ್ನು ಕೊಡಬಹುದಿತ್ತು. ಇಲ್ಲವೇ ದಪ್ಪ ರಬ್ಬರಿನ ಒಳ್ಳೆಯ ಕೈಗವಸನ್ನು ಅವಳು ಕೆಲಸ ಬಿಡುವ ತನಕ ಒದಗಿಸಬಹುದಿತ್ತು. ಅಂಥ ಹತ್ತು ಪಟ್ಟಿಗಳ ಬೆಲೆಗೆ ಶೆಡ್ಡಿನ ಮೂಲೆಯಲ್ಲಿ ಬಿಸಿನೀರಿನ ತೊಟ್ಟಿಯನ್ನೇ ಕಟ್ಟಿಸಬಹುದಿತ್ತು. ಕಂಪನಿ ಇದನ್ನೆಲ್ಲ ಕೂಡಿ ಕಳೆದು ನೋಡಿಯೇ ಪಟ್ಟಿ ತರಿಸಿದ್ದು. ಲೆಕ್ಕ ತಪ್ಪಿರಲಿಲ್ಲ. ಪಟ್ಟಿ ಬಂದ ಮೇಲೆ ಕೈ ಮರಗಟ್ಟಿತೆಂದು ಎದ್ದು ಹೋಗುವವರು ಇಲ್ಲವಾದರು. ಮುಲಾಮು ಉಳಿಯಿತು, ಜಗಳ ಬಿಡಿಸುವ ಹೊತ್ತು ಉಳಿಯಿತು. ಹಾಡುವ ಹೊತ್ತು, ನಗುವ ಹೊತ್ತು, ಕೊನೆಗೆ ಸಾವಿನ ಮನೆಗೆಂದು ಕೇಳುವ ರಜೆಯೂ ಉಳಿಯಿತು.

ಆ ರಜೆಯನ್ನು ಉಳಿಸಿಕೊಟ್ಟವರಲ್ಲಿ ಕಾರ್ಮಿನ್ ಡಿಮೆಲ್ಲೊ ಒಬ್ಬಳು. ಅವಳ ಗಂಡ ಪಾಸ್ಕಲನನ್ನು ಸೋಮವಾರ ಸಂಜೆ ಮಣ್ಣು ಮಾಡಿದರು. ಬುಧವಾರ ಬೆಳಿಗ್ಗೆ ಅವಳು ದೋಣಿ ಹತ್ತಿ ನದಿ ದಾಟಿ ಶೆಡ್ಡಿಗೆ ಬಂದಳು. ಕ್ಯಾಬಿನ್ನಿನ ಬೀಗ ತೆಗೆದು, ಗೂಟದಲ್ಲಿ ನೇತುಹಾಕಿದ್ದ ಪಟ್ಟಿಗಳನ್ನು ಒಂದೊಂದಾಗಿ ಹೆಂಗಸರ ಕೈಗೆ ಕೊಟ್ಟಳು. ತನ್ನದನ್ನು ಕುತ್ತಿಗೆಗೆ ಬಿಗಿದುಕೊಂಡು ಮೊದಲನೆಯ ಮೇಜಿನಲ್ಲಿ ಕೂತು ಸಿಗಡಿ ಸುಲಿಯತೊಡಗಿದಳು. ಯಾರೂ ಏನೂ ಕೇಳಲಿಲ್ಲ. ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಕೇಳಲಿಲ್ಲವಲ್ಲ ಎಂದು ಅವಳಿಗೂ ಅನಿಸಲಿಲ್ಲ.

ಮಂಗಳೂರಿನ ಹಳೆ ಬಂದರಿನ ಎದುರು ದಂಡೆಯಲ್ಲಿ, ಮರಳಿನ ಮೇಲೆ ಕಟ್ಟಿದ ಉದ್ದನೆಯ ಶೆಡ್ಡು ಅದು. ಸ್ಟೀಲಿನ ಮೇಜುಗಳು, ಮೇಜಿನ ನಡುವೆ ಪುಡಿ ಐಸಿನ ರಾಶಿ, ಐಸಿನೊಳಗೆ ಸಿಗಡಿ. ತಲೆ ಮುರಿ, ಸಿಪ್ಪೆ ಸುಲಿ, ಬೆನ್ನು ಸೀಳಿ ಕಪ್ಪು ದಾರ ಎಳೆ, ಪಕ್ಕದ ಬುಟ್ಟಿಗೆ ಹಾಕು. ಐಸಿನಲ್ಲಿ ಕೈ ಮೊದಲು ಉರಿಯುತ್ತದೆ, ಆಮೇಲೆ ಮೂಳೆಯೊಳಗೆ ಯಾರೋ ತಂತಿ ಎಳೆದ ಹಾಗೆ ಸೆಳೆಯುತ್ತದೆ, ಆಮೇಲೆ ನಮ್ಮದಲ್ಲದ ಕೈ ಆಗುತ್ತದೆ. ಪಟ್ಟಿ ಬರುವ ಮೊದಲು ಹೀಗಿತ್ತು.

ಪಟ್ಟಿಯಲ್ಲಿ ಇದ್ದದ್ದು ಸಂಗೀತ. ಆದರೆ ಅದು ಕಿವಿಗೆ ಕೇಳಿಸುತ್ತಿರಲಿಲ್ಲ. ಕುತ್ತಿಗೆಯ ಎಡಗಡೆಯಿಂದ ಎದೆಗೆ, ಹೊಟ್ಟೆಗೆ ಇಳಿಯುವ ಒಂದು ದೊಡ್ಡ ನರ ಇದೆ. ಎದೆಯ ಬಡಿತ, ಉಸಿರು, ಹೊಟ್ಟೆಯ ಸಂಕಟ ಎಲ್ಲದರ ಸುದ್ದಿಯೂ ಅದರಲ್ಲೇ ಓಡಾಡುತ್ತದೆ. ಕ್ಯಾಬಿನ್ನಿನಲ್ಲಿದ್ದ ಯಂತ್ರವು ಒಂದು ಧ್ವನಿಮುದ್ರಣದಿಂದ ಮೂರು ಸಂಗತಿಗಳನ್ನು ಹಿಂಡಿ ತೆಗೆಯುತ್ತಿತ್ತು. ಒಂದು, ಅದು ಎಷ್ಟು ಚುರುಕು. ಎರಡು, ಅದು ಯಾವ ಸ್ವರವನ್ನು ಮನೆ ಮಾಡಿಕೊಂಡಿದೆ. ಮೂರು, ಅದರ ಭಾವ ಏನು. ಈ ಮೂರನ್ನು ಸಣ್ಣ ಸಣ್ಣ ಮಿಡಿತಗಳನ್ನಾಗಿ ಮಾಡಿ ಆ ನರಕ್ಕೆ ಕೊಡುತ್ತಿತ್ತು. ಕ್ಯಾಬಿನ್ನಿನ ಫಲಕದ ಮೇಲೆ ಮೂರು ತಿರುಪುಗಳಿದ್ದವು: ವೇಗ, ನೆಲೆ, ಭಾವ. ಅದನ್ನು ಕೂರಿಸಿದವನು ಮೈಸೂರಿನ ಎಂಜಿನಿಯರ್ ಶೇಷಗಿರಿ. ಕೀಲಿಯನ್ನು ಕಾರ್ಮಿನ್ ಕೈಗೆ ಕೊಡಿಸಿದವರು ಮ್ಯಾನೇಜರ್ ಬಲ್ಲಾಳರು. "ಬಾಯಮ್ಮ ಇಗರ್ಜಿಯಲ್ಲಿ ಹಾಡ್ತಿದ್ರಲ್ಲ, ಸಂಗೀತ ಗೊತ್ತುಂಟು" ಎಂದು ಅವರ ವಾದ; ಶೆಡ್ಡಿನಲ್ಲಿ ಎಲ್ಲರಿಗೂ ಅವಳು ಬಾಯಮ್ಮನೇ. ಕಾರ್ಮಿನ್ ಹಾಡುತ್ತಿದ್ದದ್ದು ಹಿಂದಿನ ಸಾಲಿನಲ್ಲಿ, ಪಕ್ಕದವಳನ್ನು ಕೇಳಿಕೊಂಡು.

ಯಾವ ಸಂಗೀತ ಕೊಡಬೇಕೆಂದು ಮೊದಲು ತುಂಬ ಒದ್ದಾಡಿದ್ದರು. ಸಿನಿಮಾ ಹಾಡು ಕೊಟ್ಟರೆ ಕಿವಿಗೆ ಕೇಳಿಸದಿದ್ದರೂ ಹೆಂಗಸರಿಗೆ ಏನೇನೋ ನೆನಪಾಗಿ ಚೂರಿ ನಿಲ್ಲುತ್ತಿತ್ತು. ಭಜನೆ ಕೊಟ್ಟ ದಿನ ಕಣ್ಣು ಮುಚ್ಚಿ ತೂಗಿದರು. ಯಕ್ಷಗಾನದ ಚೆಂಡೆ ಕೊಟ್ಟ ದಿನ ಜಲಜ ಎಂಬವಳು ಎದ್ದು ನಿಂತು ಬುಟ್ಟಿ ಒದ್ದಳು; ಯಾಕೆಂದು ಅವಳಿಗೇ ತಿಳಿಯಲಿಲ್ಲ. ಕೊನೆಗೆ ಯಾರ ನೆನಪಿಗೂ ಸಂಬಂಧವಿಲ್ಲದ್ದು ಬೇಕೆಂದು ಶೇಷಗಿರಿ ಒಂದು ಹಳೆಯ ಧ್ವನಿಮುದ್ರಣ ತಂದ. ಮುನ್ನೂರು ವರ್ಷದ ಹಿಂದೆ ಯುರೋಪಿನ ಯಾವುದೋ ಅರಮನೆಗೆಂದು ಬರೆದ ಕನ್ಸರ್ಟೊ: ಹತ್ತೆಂಟು ಪಿಟೀಲುಗಳು, ಅವುಗಳ ಎದುರು ಒಂದೇ ಒಂದು ಹಾರ್ಪ್ಸಿಕಾರ್ಡ್. ನೋಡಲು ಪಿಯಾನೊದ ಹಾಗೆ ಬೆರಳಿನಿಂದ ಒತ್ತುವ ಮನೆಗಳ ಸಾಲು, ಆದರೆ ಒಳಗೆ ತಂತಿಯನ್ನು ಬಡಿಯುವುದಿಲ್ಲ, ಹಕ್ಕಿಗರಿಯ ದಂಟಿನಿಂದ ಮೀಟುತ್ತದೆ. ಒಮ್ಮೆ ಹೊರಟರೆ ಹೊಲಿಗೆ ಯಂತ್ರದಂತೆ ನಿಲ್ಲದೆ ಓಡುತ್ತದೆ. ಅದನ್ನು ಹಾಕಿದ ದಿನದಿಂದ ಚೂರಿಗಳೆಲ್ಲ ಒಂದೇ ಹದದಲ್ಲಿ ಓಡಿದವು. ಕೈ ನೋಯಲಿಲ್ಲ. ಬಲ್ಲಾಳರು ಶೇಷಗಿರಿಗೆ ಒಂದು ಪೆಟ್ಟಿಗೆ ಅಂಜಲ್ ಮೀನು ಕೊಟ್ಟರು. ಅವನು ತಿನ್ನುವವನಲ್ಲ, ಬಾಡಿಗೆ ಮನೆಯ ಓನರಿಗೆ ಕೊಟ್ಟ.

ಎರಡು ವರ್ಷ ಹೀಗೇ ನಡೆಯಿತು. ಸಂಜೆ ಪಟ್ಟಿ ಬಿಚ್ಚಿಟ್ಟರೂ ಮೈ ಅದೇ ಹದದಲ್ಲಿ ಇರುತ್ತಿತ್ತು. ಮೊದಮೊದಲು ಒಂದೆರಡು ಗಂಟೆ, ಆಮೇಲೆ ಮಲಗುವ ತನಕ, ಆಮೇಲೆ ಭಾನುವಾರವೂ.

*

ಪಾಸ್ಕಲ್ ಸತ್ತ ತಿಂಗಳ ಪೂಜೆ ಮುಗಿಸಿ ಮನೆಗೆ ಬಂದಾಗ ನಾದಿನಿ ಜೂಲಿಯಾನಾ ಜಗಲಿಯಲ್ಲೇ ಕೂತುಬಿಟ್ಟಳು. ತಲೆಗೆ ಹಾಕಿಕೊಂಡಿದ್ದ ಕಪ್ಪು ಬಟ್ಟೆಯನ್ನು ತೆಗೆದು ಮಡಚಿ ಮಡಚಿ ಅಂಗೈಯಗಲ ಮಾಡಿದಳು.

"ಅತ್ತಿಗೆ, ಒಂದು ಕೇಳ್ಲಾ? ಬೇಜಾರು ಮಾಡ್ಬೇಡಿ."

"ಕೇಳು."

"ಅಣ್ಣನ ಮೇಲೆ ನಿಮಗೆ ಎಂತಾದ್ರೂ ಸಿಟ್ಟಿತ್ತಾ?"

"ಇಲ್ಲ."

"ಮತ್ತೆ? ಬುಟ್ಟಿ ಹೊತ್ತು ಮೀನು ಮಾರುವವಳು ಸಹ ಬಂದು ಅತ್ತು ಹೋದ್ಳು. ಪೆಟ್ಟಿಗೆ ಮುಚ್ಚುವಾಗ ನೀವು ಎಲ್ಲಿದ್ರಿ ಗೊತ್ತುಂಟಾ? ಪಕ್ಕದ ಮನೆಯಿಂದ ಕುರ್ಚಿ ತರ್ಲಿಕ್ಕೆ ಹೋಗಿದ್ರಿ."

"ಕುರ್ಚಿ ಕಡಿಮೆ ಇತ್ತು," ಎಂದಳು ಕಾರ್ಮಿನ್.

ಜೂಲಿಯಾನಾ ಅವಳ ಮುಖವನ್ನೇ ನೋಡಿದಳು. ಬೈಯಲು ಬಂದವಳಿಗೆ ಬೈಗುಳ ಬಾಯಿಗೆ ಬರಲಿಲ್ಲ. "ನಿಮಗೆ ಮೈ ಸರಿ ಇಲ್ಲ ಅತ್ತಿಗೆ. ಡಾಕ್ಟ್ರಿಗೆ ತೋರಿಸಿ," ಎಂದು ಎದ್ದು ಹೋದಳು.

ಕಾರ್ಮಿನ್ ಒಳಗೆ ಹೋಗಿ ಗೋಡೆಯ ಮೇಲಿದ್ದ ಪಾಸ್ಕಲನ ಫೋಟೊ ನೋಡಿದಳು. ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಎಂಜಿನ್ನಿನ ಸದ್ದಿಗೆ ಕಿವಿ ಮಂದವಾಗಿ ಮನೆಯಲ್ಲೂ ಕೂಗಿ ಕೂಗಿ ಮಾತಾಡುತ್ತಿದ್ದವನು. ಯಾರದೋ ಮನೆಗೆ ಹೋದಾಗ ಅಲ್ಲಿ ನೇತುಹಾಕಿದ ಯಾರದೋ ಫೋಟೊ ನೋಡಿದಂತಿತ್ತು. ಅವನ ದನಿ ನೆನಪು ಮಾಡಿಕೊಳ್ಳಲು ಯತ್ನಿಸಿದಳು. ಮಾತುಗಳು ನೆನಪಾದವು, ದನಿ ಬರಲಿಲ್ಲ. ಆಗಲೂ ಅವಳಿಗೆ ದುಃಖವಾಗಲಿಲ್ಲ. ಆದರೆ ಒಂದು ಯೋಚನೆ ಬಂತು, ಬಾಗಿಲಲ್ಲಿ ನಿಂತು ಹೋಗದ ನೆರೆಯವರಂತೆ ಅಲ್ಲೇ ನಿಂತಿತು. ಮೂವತ್ತೊಂದು ವರ್ಷ ಜೊತೆಗಿದ್ದ ಮನುಷ್ಯ. ಇವನಿಗಾಗಿ ತಾನು ಅಳದಿದ್ದರೆ ಇನ್ನು ಅಳುವವರು ಯಾರೂ ಇಲ್ಲ. ಮಕ್ಕಳಿಲ್ಲ. ಜೂಲಿಯಾನಾ ಅತ್ತು ಮುಗಿಸಿದ್ದಾಳೆ. ಹೀಗೇ ಬಿಟ್ಟರೆ ಅವನು ಹೋದದ್ದು ಯಾರಿಗೂ ಗೊತ್ತಾಗದ ಹಾಗೆ ಹೋಗಿಬಿಡುತ್ತಾನೆ.

ಮಾರನೆಯ ದಿನ ದೋಣಿಯಲ್ಲಿ ಇದನ್ನು ಜಲಜಳಿಗೆ ಹೇಳಿದಳು. ಒಂದು ಕಾಲಕ್ಕೆ ಜಲಜಳ ಬಾಯಿಗೆ ಇಡೀ ಶೆಡ್ಡು ಹೆದರುತ್ತಿತ್ತು. ದೋಣಿಯವನ ಹುಟ್ಟಿನಿಂದ ಹಿಡಿದು ಬಲ್ಲಾಳರ ಬಕ್ಕತಲೆಯ ತನಕ ಎಲ್ಲದಕ್ಕೂ ಅವಳಲ್ಲಿ ಒಂದೊಂದು ಮಾತಿರುತ್ತಿತ್ತು.

"ನನಗೂ ಹಾಗೇ ಬಾಯಮ್ಮ," ಎಂದಳು ಜಲಜ, ನೀರು ನೋಡುತ್ತ. "ಮಗಳ ಬಾಣಂತನ ಆಯ್ತಲ್ಲ. ಮಗುವನ್ನು ತಂದು ಕೈಗೆ ಕೊಟ್ರು. ನಾನು ಎಂತ ಮಾಡಿದೆ ಗೊತ್ತುಂಟಾ? ಹೀಗೆ ಎತ್ತಿ ನೋಡಿದೆ. ಮೂರು ಕಿಲೊ ಹತ್ತಿರ ಹತ್ತಿರ ಇರ್ಬೇಕು ಅಂತ ಹೇಳಿ ವಾಪಸ್ ಕೊಟ್ಟೆ."

"ಎಷ್ಟಿತ್ತು?"

"ಎರಡು ಮುಕ್ಕಾಲು."

ಹಿಂದೆ ಆಗಿದ್ದರೆ ಈ ಮಾತಿಗೆ ದೋಣಿ ಅಲ್ಲಾಡುವಷ್ಟು ನಗುತ್ತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು.

*

"ಸಾರ್, ನಮ್ಮ ಕುತ್ತಿಗೆಯಲ್ಲಿ ಓಡುವ ಆ ಸಂಗೀತವನ್ನು ಒಮ್ಮೆ ಕೇಳ್ಬಹುದಾ?"

ಶೇಷಗಿರಿ ಕ್ಯಾಬಿನ್ನಿನಲ್ಲಿ ಸ್ಕ್ರೂ ಬಿಗಿಯುತ್ತಿದ್ದ. ಮೂವತ್ತೈದರ ಆಸುಪಾಸಿನ, ಮೆತ್ತಗಿನ ಮಾತಿನ ಮನುಷ್ಯ. ಬೆಳಿಗ್ಗೆ ಎದ್ದರೆ ಮನೆಯಲ್ಲಿ ತಂಬೂರಿ ಮಿಡಿದ ಮೇಲೇ ಕಾಫಿ ಎಂಬಂಥ ಮನೆತನ ಅವನದು. ತಾಯಿ ವೀಣೆ ನುಡಿಸುತ್ತಿದ್ದರು.

"ಯಾಕ್ ಬಾಯಮ್ಮ, ಏನಾದ್ರೂ ತೊಂದ್ರೆ ಆಗ್ತಿದ್ಯಾ?"

"ತೊಂದ್ರೆ ಎಂತ ಸಹ ಇಲ್ಲ. ಅದೇ ತೊಂದ್ರೆ. ಎರಡು ವರ್ಷದಿಂದ ಒಳಗೆ ಉಂಟು. ಅದು ಎಂತದು ಅಂತ ನಾವು ಯಾರೂ ಕೇಳಿಯೇ ಇಲ್ಲ."

ಅವನು ನಿಂತು ಯೋಚಿಸಿದ. ಕೇಳಿಸಲು ಅಡ್ಡಿಯೇನೂ ಇರಲಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ. ಊಟದ ಬಿಡುವಿನಲ್ಲಿ ಕ್ಯಾಬಿನ್ನಿನ ಬಾಗಿಲು ಹಾಕಿ ಸಣ್ಣ ಸ್ಪೀಕರಿಗೆ ತಂತಿ ಸಿಕ್ಕಿಸಿದ.

ಎಲ್ಲ ವಾದ್ಯಗಳೂ ಒಟ್ಟಿಗೆ, ಒಂದೇ ಎಳೆಯಲ್ಲಿ ಶುರುವಾದವು. ನಾಲ್ಕು ಜನ ಸೇರಿ ದೋಣಿಯನ್ನು ನೀರಿಗೆ ತಳ್ಳುವಾಗ ಒಂದೇ ದನಿ ಬರುತ್ತದಲ್ಲ, ಹಾಗೆ. ಆಮೇಲೆ ಹಾರ್ಪ್ಸಿಕಾರ್ಡ್ ಗುಂಪಿನಿಂದ ಬಿಡಿಸಿಕೊಂಡು ತಾನೊಂದೇ ಓಡತೊಡಗಿತು. ಓಡುವ ಎಂಜಿನ್ನಿನ ಮೇಲೆ ಯಾರೋ ಬೆಳ್ಳಿ ಚಮಚಗಳನ್ನು ಸುರಿದಂತಿತ್ತು ಅದರ ದನಿ. ಕಾರ್ಮಿನ್ ತನ್ನ ಕೈಗಳನ್ನು ನೋಡಿಕೊಂಡಳು. ತೊಡೆಯ ಮೇಲಿದ್ದ ಬೆರಳುಗಳು ತಾವಾಗಿ ಇಲ್ಲದ ಸಿಗಡಿಯನ್ನು ಸುಲಿಯುತ್ತಿದ್ದವು. ತಲೆ, ಸಿಪ್ಪೆ, ಬೆನ್ನು, ದಾರ.

"ಇದು ನಮ್ಮದೇ," ಎಂದಳು.

"ಹೌದಲ್ವಾ? ಡಿ ಮೈನರ್ ಅಂತಾರೆ ಈ ನೆಲೆಗೆ. ಸ್ವಲ್ಪ ಬಿಗಿ, ಸ್ವಲ್ಪ ಗಂಭೀರ. ಯಂತ್ರ ಇದರ ಭಾವಕ್ಕೆ 'ದೃಢ' ಅಂತ ಚೀಟಿ ಹಚ್ಚಿದೆ."

ಮೊದಲ ಭಾಗ ಮುಗಿಯಿತು. ಸ್ವಲ್ಪ ಮೌನ. ಆಮೇಲೆ ಪಿಟೀಲುಗಳು ಕೆಳಗಿನ ಸ್ವರಗಳಲ್ಲಿ, ಎಲ್ಲವೂ ಒಂದೇ ದನಿಯಲ್ಲಿ, ನಿಧಾನವಾಗಿ ನಡೆಯತೊಡಗಿದವು. ಭಾರ ಹೊತ್ತು ಮರಳಿನಲ್ಲಿ ಹೆಜ್ಜೆ ಇಟ್ಟಂತೆ. ಅದರ ಮೇಲೆ ಹಾರ್ಪ್ಸಿಕಾರ್ಡ್ ತಡೆತಡೆದು ಬಂತು. ಒಂದು ಸ್ವರ ಮೀಟುತ್ತದೆ. ಅದು ಸಾಯುವ ಮೊದಲೇ ಪಕ್ಕದಲ್ಲಿ ಇನ್ನೊಂದನ್ನು ಮೀಟಿ ಹಿಡಿದುಕೊಳ್ಳಲು ನೋಡುತ್ತದೆ. ಕಾರ್ಮಿನಳ ಬೆರಳುಗಳು ನಿಂತವು.

"ಇದು ಯಾವುದು ಸಾರ್?"

"ಅದೇ. ಎರಡನೇ ಭಾಗ. ಇಂಥ ಕನ್ಸರ್ಟೊದಲ್ಲಿ ಮೂರಿರುತ್ತೆ: ಚುರುಕು, ನಿಧಾನ, ಮತ್ತೆ ಚುರುಕು."

"ಇದು ನಮಗೆ ಬರುದಿಲ್ಲ."

"ಬರುತ್ತೆ ಬಾಯಮ್ಮ. ದಿನಾ ಬರುತ್ತೆ. ಇಡೀ ಮುದ್ರಣ ಓಡುತ್ತೆ, ಮುಗಿದ್ರೆ ಮತ್ತೆ ಮೊದಲಿಂದ."

"ಬರುದಿಲ್ಲ," ಎಂದಳು ಕಾರ್ಮಿನ್, ಅಕ್ಕಿ ಮುಗಿದಿದೆ ಎನ್ನುವಷ್ಟು ಸಾಧಾರಣವಾಗಿ. "ಮೊದಲಿನದ್ದು ನನ್ನ ಮೈಗೆ ಗೊತ್ತುಂಟು. ಇದು ಗೊತ್ತಿಲ್ಲ."

ಶೇಷಗಿರಿ ವಾದ ಮಾಡಲಿಲ್ಲ. ಪರದೆಯ ಮೇಲೆ ಎರಡು ಗೆರೆ ಎಳೆಸಿದ: ಮೇಲಿನದು ಸಂಗೀತ ಎಲ್ಲೆಲ್ಲಿ ಹೋಗುತ್ತದೆ ಎಂಬುದು, ಕೆಳಗಿನದು ಪಟ್ಟಿ ಕುತ್ತಿಗೆಗೆ ಏನು ಕೊಡುತ್ತದೆ ಎಂಬುದು. ಮೇಲಿನ ಗೆರೆ ಹೊರಟ ಕಡೆಯಿಂದ ದೂರ ಹೋಗಿ, ಅಲೆದು, ತಡವಾಗಿ ತಿರುಗಿ ಬರುತ್ತಿತ್ತು. ಕೆಳಗಿನ ಗೆರೆ ನೆಲಕ್ಕೆ ಹಾಸಿದ ಹಗ್ಗದಂತೆ ನೇರವಾಗಿತ್ತು.

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ.

"ನನ್ನ ತಪ್ಪು," ಎಂದ. "ನಮ್ಮ ಸಂಗೀತದಲ್ಲಿ ಮೊದಲು ಶ್ರುತಿ ಇಟ್ಕೋತೀವಿ ಬಾಯಮ್ಮ. ತಂಬೂರಿ ಒಂದು ಸ್ವರ ಹಿಡ್ಕೊಂಡ್ರೆ ಕಚೇರಿ ಮುಗಿಯೋ ತನಕ ಅದೇ. ಅದು ಕದಲಬಾರದು. ಚಿಕ್ಕಂದಿನಿಂದ ಕಿವಿಗೆ ಅದೇ ಅಭ್ಯಾಸ. ಈ ಯಂತ್ರ ಕಟ್ಟುವಾಗ್ಲೂ ಮೊದಲ ಸ್ವರಾನ ಆಧಾರ ಅಂತ ಹಿಡಿದು ಬೀಗ ಹಾಕ್ಬಿಟ್ಟೆ. ಯೋಚನೆ ಕೂಡ ಮಾಡ್ಲಿಲ್ಲ. ಆದ್ರೆ ಇವರ ಸಂಗೀತ ಮನೆಯಲ್ಲೇ ಕೂರೋದಲ್ಲ. ಮನೆ ಬಿಟ್ಟು ಹೋಗುತ್ತೆ. ಈ ನಿಧಾನದ ಭಾಗ ಇದ್ಯಲ್ಲ, ಅದು ಬೇರೆ ಊರಲ್ಲೇ ಇರೋದು. ನಮ್ಮ ಯಂತ್ರ ಅದನ್ನ ಅಪಶ್ರುತಿ ಅಂದ್ಕೊಂಡು ದಿನಾ ಕಿವಿ ಹಿಡಿದು ಎಳೆದು ತಂದು ಕೂರಿಸ್ತಿದೆ."

"ನಮ್ಮನ್ನು ಸಹ?"

ಅವನು ತಲೆಯಾಡಿಸಿದ. "ಎದೆಯಿಂದ, ಹೊಟ್ಟೆಯಿಂದ, ಕೈಯಿಂದ, ಎಲ್ಲಿಂದ ಏನು ಎದ್ದರೂ ಅದು ಆಧಾರದಿಂದ ಕದಲಿದ ಹಾಗೆ. ತಕ್ಷಣ ಒತ್ತಿ ಕೂರಿಸುತ್ತೆ." ಗೆರೆಗಳನ್ನು ಇನ್ನೊಮ್ಮೆ ನೋಡಿ ಸೇರಿಸಿದ: "ಐಸಿನ ನೋವನ್ನೂ ಹಾಗೇ ಒತ್ತಿದ್ದು. ನಾನು ವೇಗದಿಂದ ಹಾಗಾಯ್ತು ಅಂದ್ಕೊಂಡಿದ್ದೆ."

ಸ್ಪೀಕರಿನಲ್ಲಿ ನಿಧಾನದ ಭಾಗ ಇನ್ನೂ ನಡೆಯುತ್ತಿತ್ತು. ಅದು ಯಾರದೋ ಮನೆಯ ಮಾತೆಂಬಂತೆ ಕಾರ್ಮಿನ್ ಕೇಳುತ್ತ ಕೂತಳು.

*

ಬಲ್ಲಾಳರು ಕೆಟ್ಟವರಲ್ಲ. ಇಡೀ ವಿಷಯ ಕೇಳಿ ಕನ್ನಡಕ ಒರೆಸಿಕೊಂಡರು.

"ಹಾಗಾದ್ರೆ ಶೇಷಗಿರಿಯವರೇ, ನಿಮ್ಮ ತಪ್ಪು ಉಂಟಲ್ಲ, ಅದನ್ನೇ ನಾವು ಕೊಂಡುಕೊಂಡದ್ದು."

"ಸರಿ ಮಾಡ್ಬಹುದು ಸಾರ್. ಬೀಗ ತೆಗೆದ್ರೆ ಆಯ್ತು. ವೇಗ ಹಾಗೇ ಇರುತ್ತೆ."

"ಕೈನೋವು?"

"ವಾಪಸ್ ಬರುತ್ತೆ."

"ಅದು ಬಂದ್ರೆ ಚೂರಿ ನಿಲ್ತದೆ. ಚೂರಿ ನಿಂತ್ರೆ ನಾಳೆ ನನ್ನನ್ನು ಕೇಳ್ತಾರೆ, ನಿಮ್ಮನ್ನಲ್ಲ." ಅವರು ಕಾರ್ಮಿನ್ ಕಡೆ ತಿರುಗಿದರು. "ಬಾಯಮ್ಮ, ನೋವು ಬೇಕು ಅಂತ ಯಾರಾದ್ರೂ ಕೇಳ್ತಾರಾ? ಆದ್ರೂ ಕುತ್ತಿಗೆ ಅವರದ್ದು. ನೀವೇ ಹೋಗಿ ಕೇಳಿ. ಬೇಕು ಅಂದವರದ್ದು ತೆಗೆಯುವ. ಬೇಡ ಅಂದವರದ್ದು ಇರ್ಲಿ."

ಚಹಾದ ಹೊತ್ತಿಗೆ ಕಾರ್ಮಿನ್ ಎಲ್ಲರನ್ನೂ ಕೂರಿಸಿ ವಿಷಯ ಹೇಳಿದಳು. ಬೀಗ ತೆಗೆದರೆ ಕೈ ನೋಯುತ್ತದೆ. ತೆಗೆಯದಿದ್ದರೆ ಹೀಗೇ ಇರುತ್ತದೆ. ನಿಮಗೆ ಯಾವುದು ಬೇಕು?

ಹೆಂಗಸರು ಬಾಯಾಡಿಸುತ್ತ ಕೇಳಿದರು. ಯಾರ ಮುಖದಲ್ಲೂ ಏನೂ ಏಳಲಿಲ್ಲ.

"ಹೀಗೇ ಇದ್ದು ಎಂತ ಆಗಿದೆ ಈಗ?" ಎಂದಳು ಹಿಂದಿನ ಮೇಜಿನವಳೊಬ್ಬಳು.

"ಎಂತ ಸಹ ಆಗ್ಲಿಲ್ಲ," ಎಂದಳು ಇನ್ನೊಬ್ಬಳು.

"ನನಗೆ ಎರಡೂ ಆಗ್ತದೆ ಬಾಯಮ್ಮ. ನೀವು ಹೇಳಿದ ಹಾಗೆ."

ಜಲಜ ಲೋಟ ಕೆಳಗಿಟ್ಟಳು. "ಬಾಯಮ್ಮ, ಬೇಕು ಅನ್ನಿಸ್ಬೇಕಾದ್ರೆ ಬೇಕು ಅನ್ನಿಸುವಂಥದ್ದು ಒಂದು ಒಳಗೆ ಇರ್ಬೇಕಲ್ಲ? ಅದನ್ನೇ ಬೀಗ ಹಾಕಿಟ್ಟು ಬೇಕಾ ಅಂತ ಕೇಳಿದ್ರೆ ನಾವು ಎಲ್ಲಿಂದ ಹೇಳುದು?"

ಯಾರೂ ಕೈ ಎತ್ತಲಿಲ್ಲ. ಚಹಾ ಮುಗಿಸಿ ಎಲ್ಲರೂ ಮೇಜಿಗೆ ಹೋದರು.

ಅವಳಿಗೂ ಬೇಕು ಅನಿಸಿರಲಿಲ್ಲ. ಪಾಸ್ಕಲನಿಗಾಗಿ ಅಳುವವರು ಯಾರೂ ಇಲ್ಲ ಎಂಬುದು ಮಾತ್ರ ಗೊತ್ತಿತ್ತು, ಕೊಡೆ ಮರೆತು ಬಂದದ್ದು ಗೊತ್ತಾಗುವ ಹಾಗೆ. ಕೊಡೆ ಮರೆತರೆ ಹಿಂದಕ್ಕೆ ಹೋಗಿ ತರುತ್ತೇವೆ. ಅದಕ್ಕೆ ದುಃಖ ಬೇಕಾಗುವುದಿಲ್ಲ. ಕ್ಯಾಬಿನ್ನಿಗೆ ಹೋಗಿ ತನ್ನ ಪಟ್ಟಿಯನ್ನು ಶೇಷಗಿರಿಯ ಮುಂದೆ ಇಟ್ಟಳು.

"ನನ್ನದು ತೆಗೀರಿ."

"ಬಾಯಮ್ಮ, ಎರಡು ವರ್ಷ ಒಂದೇ ಕಡೆ ಕೂತ ಮೈ. ಒಂದೇ ದಿನಕ್ಕೆ ಏನೂ ಆಗ್ದೇ ಇರಬಹುದು. ತುಂಬ ಆಗ್ಬಿಡಲೂಬಹುದು. ನನಗೆ ಗೊತ್ತಿಲ್ಲ."

"ಸರಿ."

"ಪಟ್ಟಿಯನ್ನೇ ಹಾಕ್ದೆ ಇದ್ರೆ ಆಗಲ್ವಾ ಅನ್ನಬಹುದು ನೀವು. ಈಗ ಆಗಲ್ಲ. ಬೀಗ ಪಟ್ಟಿಯಲ್ಲಿ ಮಾತ್ರ ಇಲ್ಲ, ಮೈಯಲ್ಲೂ ಕೂತಿದೆ. ಅದನ್ನ ಎಬ್ಬಿಸಿ ಹೊರಗೆ ಕರ್ಕೊಂಡು ಹೋಗೋಕೆ ಇದೇ ಸಂಗೀತ ಬೇಕು."

"ಸರಿ ಸಾರ್. ತೆಗೀರಿ."

*

ಮಾರನೆಯ ಬೆಳಿಗ್ಗೆ ಅವಳು ಎಂದಿನಂತೆ ಮೊದಲ ಮೇಜಿನಲ್ಲಿ ಕೂತಳು. ಚುರುಕಿನ ಭಾಗ ಬಂತು. ಬೆರಳು ಓಡಿತು. ವ್ಯತ್ಯಾಸ ಏನೂ ತಿಳಿಯಲಿಲ್ಲ. ಆಮೇಲೆ ನಡುವೆ ಒಂದು ಕಡೆ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದಂತಾಯಿತು. ಸಂಗೀತ ಮನೆಯ ಅಂಗಳ ದಾಟಿ ಬೀದಿಗಿಳಿದಿತ್ತು; ಅವಳೂ ಇಳಿದಳು. ಅದು ಮರಳಿ ಬಂತು, ಅವಳೂ ಬಂದಳು. ಕಿವಿಗೆ ಏನೂ ಇಲ್ಲ. ಶೆಡ್ಡಿನಲ್ಲಿ ಚೂರಿಗಳ ಸದ್ದು, ಫ್ಯಾನಿನ ಸದ್ದು, ಅಷ್ಟೆ.

ನಿಧಾನದ ಭಾಗ ಶುರುವಾದಾಗ ಮೊದಲು ಬಂದದ್ದು ಕೈ.

ಎಡಗೈಯ ಕಿರುಬೆರಳ ತುದಿಯಲ್ಲಿ ಒಂದು ಉರಿ. ಅದು ಅಂಗೈಗೆ ಹಬ್ಬಿತು. ಆಮೇಲೆ ಮೂಳೆಯೊಳಗಿನ ಆ ತಂತಿ, ಎರಡು ವರ್ಷದ ಹಿಂದಿನದೇ, ಮಣಿಕಟ್ಟಿನಿಂದ ಮೊಣಕೈಗೆ ಎಳೆಯಿತು. ಕಾರ್ಮಿನ್ ಚೂರಿ ಬಿಟ್ಟಳು. ಬಾಯಿಂದ ಒಂದು ಸದ್ದು ಬಂತು. ಪಕ್ಕದವರು ಯಾರೂ ತಿರುಗಲಿಲ್ಲ. ಅವರ ಕುತ್ತಿಗೆಯಲ್ಲಿ ಎಲ್ಲವೂ ಮನೆಯಲ್ಲೇ ಕೂತಿತ್ತು.

ಅವಳು ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ಕೂತಳು. ನಿಧಾನದ ಹೆಜ್ಜೆ ನಡೆಯುತ್ತಲೇ ಇತ್ತು. ನೋವಿನ ಗುರುತು ಎಷ್ಟು ಬೇಗ ಸಿಕ್ಕಿತೆಂದರೆ ಅವಳಿಗೇ ಆಶ್ಚರ್ಯವಾಯಿತು. ಇಂಥ ನೋವು ಬಂದಾಗ ಮುಂದೆ ಏನೋ ಒಂದು ಆಗುತ್ತಿತ್ತಲ್ಲ, ಏನದು ಎಂದು ಮೈ ಹುಡುಕಿತು. ನೋವಿನ ಜೊತೆ ಸೇರಿಕೊಂಡೇ ಇದ್ದ ಯಾವುದೋ ಒಂದು. ಉಪ್ಪು ಹಾಕಿದ ಬಿಸಿನೀರು. ಅಲ್ಯುಮಿನಿಯಂ ಬೋಗುಣಿ.

ದಿನಾ ಸಂಜೆ ಅವಳು ದೋಣಿಯಿಂದ ಇಳಿದು ಮನೆಗೆ ಬರುವ ಹೊತ್ತಿಗೆ ಪಾಸ್ಕಲ್ ನೀರು ಕಾಸಿ ಇಟ್ಟಿರುತ್ತಿದ್ದ. ಅವಳನ್ನು ಮೆಟ್ಟಿಲ ಮೇಲೆ ಕೂರಿಸಿ, ಗ್ರೀಸು ಹತ್ತಿದ ತನ್ನ ಕೈಯಿಂದ ಅವಳ ಕೈ ಹಿಡಿದು ನೀರಿನಲ್ಲಿ ಅದ್ದಿ, ಬೆರಳು ಬೆರಳಾಗಿ ತಿಕ್ಕುತ್ತ, ಇಡೀ ಬೀದಿಗೆ ಕೇಳುವಂತೆ ಕೂಗಿ ಕೇಳುತ್ತಿದ್ದ: "ಬಂತಾ ಜೀವ? ಹೇಳು, ಬಂತಾ?"

ಈಗ ದನಿ ಬಂತು.

ಪಟ್ಟಿ ಬಂದ ಮೊದಲ ವಾರವೂ ಅವನು ನೀರು ಕಾಸಿದ್ದ. "ಬೇಡ, ನೋವಿಲ್ಲ" ಎಂದು ಅವಳು ಒಳಗೆ ಹೋಗಿದ್ದಳು. ಅವನು ಬೋಗುಣಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಆಮೇಲೆ ನೀರನ್ನು ಅಂಗಳಕ್ಕೆ ಚೆಲ್ಲಿದ್ದ. ಇನ್ನೂ ನಾಲ್ಕೈದು ದಿನ ಕೇಳಿದ, "ಇವತ್ತು ಸಹ ಬೇಡ್ವಾ?" ಎಂದು. ಆಮೇಲೆ ಕೇಳುವುದನ್ನು ಬಿಟ್ಟ. ಬೋಗುಣಿಯಲ್ಲಿ ಸೀಮೆಎಣ್ಣೆ ಹಾಕಿ ನಟ್ಟು ಬೋಲ್ಟು ನೆನೆಸಿಡತೊಡಗಿದ. ಆ ಎರಡು ವರ್ಷ ಅವಳ ಕೈಯನ್ನು ಅವನು ಹಿಡಿಯಲಿಲ್ಲ. ಹಿಡಿಯಲು ಕಾರಣ ಇರಲಿಲ್ಲ. ಅದು ಇಲ್ಲವಾದದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿದಿತ್ತು, ಅವನ ಕೊರಳಲ್ಲಿ ಪಟ್ಟಿ ಇರಲಿಲ್ಲ.

ಮೂರನೆಯ ಭಾಗ ಚುರುಕಾಗಿ ಶುರುವಾಯಿತು. ಹೊರಟ ನೆಲೆಗೇ ಬಂದಿತ್ತು ಸಂಗೀತ. ಅದೇ ಮನೆ. ಆದರೆ ಹೊರಗೆ ಹೋಗಿ ಬಂದವರಿಗೆ ಕಾಣುವ ಮನೆ. ಕಾರ್ಮಿನ್ ಚೂರಿ ಎತ್ತಿಕೊಂಡು, ನೋಯುವ ಕೈಯಿಂದ, ನಿಧಾನವಾಗಿ ಸುಲಿಯತೊಡಗಿದಳು. ಮುಖ ಒದ್ದೆಯಾಗಿರುವುದು ತುಟಿಗೆ ಉಪ್ಪು ತಗುಲಿದಾಗ ಗೊತ್ತಾಯಿತು. ಒರೆಸಿಕೊಳ್ಳಲು ಕೈಯೆಲ್ಲ ಸಿಗಡಿಯಾಗಿತ್ತು.

ಎದುರಿಗೆ ಕೂತ ಜಲಜ ತಲೆ ಎತ್ತಿ ಅವಳನ್ನು ನೋಡಿದಳು. ನೋಡಿ, ಐಸಿನ ರಾಶಿಯನ್ನು ತನ್ನ ಕಡೆಗೆ ಸ್ವಲ್ಪ ಎಳೆದುಕೊಂಡಳು.

"ನೋಯ್ತದಾ ಬಾಯಮ್ಮ?"

"ಹೌದು ಮಾರಾಯ್ತಿ."

"ತುಂಬಾ?"

"ತುಂಬಾ."

ಜಲಜ ಇನ್ನೂ ನಾಲ್ಕು ಸಿಗಡಿ ಸುಲಿದಳು. "ನಾಳೆ ನನ್ನದು ಸಹ ತೆಗೀಲಿಕ್ಕೆ ಹೇಳಿ. ಬೇಕು ಅಂತ ಅಲ್ಲ. ಮಗು ಮೂರು ತಿಂಗಳು ಇಲ್ಲಿ ಇರ್ತದೆ. ಪ್ರತಿ ಸಲ ತೂಕ ಹೇಳ್ಲಿಕ್ಕೆ ಆಗುದಿಲ್ಲ."

ಸಂಜೆ ಕಾರ್ಮಿನ್ ಮನೆಗೆ ಬಂದು ಹಿತ್ತಲಿನ ಕಟ್ಟೆಯಿಂದ ಬೋಗುಣಿ ಹುಡುಕಿ ತೆಗೆದಳು. ಒಳಗೆ ಪಾಸ್ಕಲ್ ಕೊನೆಯದಾಗಿ ನೆನೆಹಾಕಿದ ಬೋಲ್ಟುಗಳಿದ್ದವು, ಸೀಮೆಎಣ್ಣೆ ಆರಿ ತಳಕ್ಕೆ ಜಿಡ್ಡು ಹಿಡಿದಿತ್ತು. ಬೋಲ್ಟುಗಳನ್ನು ಒರೆಸಿ ಕಿಟಕಿಯಲ್ಲಿ ಸಾಲಾಗಿ ಇಟ್ಟಳು. ಬೋಗುಣಿಯನ್ನು ಬೂದಿ ಹಾಕಿ ಎರಡು ಸಲ ತಿಕ್ಕಿದಳು. ವಾಸನೆ ಪೂರ್ತಿ ಹೋಗಲಿಲ್ಲ. ನೀರು ಕಾಸಿ, ಉಪ್ಪು ಹಾಕಿ, ಮೆಟ್ಟಿಲ ಮೇಲೆ ಕೂತು ಎರಡೂ ಕೈ ಅದ್ದಿದಳು. ಒಂದು ಕೈಯನ್ನು ಇನ್ನೊಂದರಿಂದ ತಿಕ್ಕಿಕೊಂಡಳು, ಬೆರಳು ಬೆರಳಾಗಿ. ಯಾರೂ ಏನೂ ಕೇಳಲಿಲ್ಲ. ಅಲ್ಲಿ ಅವಳು ದನಿ ತೆಗೆದು ಅತ್ತಳು. ಬೇಲಿಯಾಚೆಯಿಂದ ಜೂಲಿಯಾನಾ ಓಡಿ ಬಂದವಳು ಮೆಟ್ಟಿಲ ಕೆಳಗೇ ನಿಂತು, ಬೋಗುಣಿಯನ್ನೂ ಅತ್ತಿಗೆಯನ್ನೂ ನೋಡಿ, ಮೆಟ್ಟಿಲೇರಿ ಪಕ್ಕದಲ್ಲಿ ಕೂತಳು.

ಆಮೇಲೆ ಶೆಡ್ಡಿನಲ್ಲಿ ಬೀಗ ತೆಗೆಸಿಕೊಂಡವರು ಕಾರ್ಮಿನ್ ಮತ್ತು ಜಲಜ ಇಬ್ಬರೇ. ಅವರ ಬುಟ್ಟಿ ಉಳಿದವರದಕ್ಕಿಂತ ತಡವಾಗಿ ತುಂಬುತ್ತಿತ್ತು. ಬಲ್ಲಾಳರು ಅದನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು. ಶೇಷಗಿರಿ ತನ್ನ ತಪ್ಪನ್ನು ಮೇಲಿನವರಿಗೆ ಬರೆದು ತಿಳಿಸಿದ. ಅದನ್ನು ಸರಿಪಡಿಸುವುದು ಬೇಡ ಎಂದು ಅಲ್ಲಿಂದ ಉತ್ತರ ಬಂತು. ಉಳಿದ ಮೇಜುಗಳಲ್ಲಿ ಚೂರಿಗಳು ಒಂದೇ ಹದದಲ್ಲಿ ಓಡುತ್ತಲೇ ಇದ್ದವು.

ಜಲಜ ಮಗುವನ್ನು ಎತ್ತಿಕೊಂಡಾಗ ಅವಳ ಕೈ ನೋಯುತ್ತಿತ್ತು. ಆದರೂ ಬೇಗ ಕೆಳಗಿಡುತ್ತಿರಲಿಲ್ಲ. ಕಾರ್ಮಿನಳಿಗೆ ಪಾಸ್ಕಲ್ ತಿರುಗಿ ಸಿಗಲಿಲ್ಲ, ಅವನ ಕೈ ತನ್ನ ಕೈ ಹಿಡಿಯದೆ ಹೋದ ಎರಡು ವರ್ಷವೂ ಸಿಗಲಿಲ್ಲ. ಅವನು ಇಲ್ಲ ಎಂಬುದು ಸಿಕ್ಕಿತು.